ಬೋರ್ಡು ಉಳಿಸಲು ಹೋಗಿ ಕುಕ್ಕರಿಗೆ ಕುಂಕುಮ ಇಟ್ಟೆ

ಪಾಲಿಕೆಯ ಮೀಟಿಂಗಿನಲ್ಲಿ ಇಂಜಿನಿಯರ್ ಮೇಡಂ "ಇನ್ಮೇಲೆ ಅಂಗಡಿ ಬೋರ್ಡು ಗೋಡೆಗೆ ಅಂಟ್ಕೊಂಡಿರ್ಬೇಕು, ರಸ್ತೆ ಕಡೆ ಏನೂ ಚಾಚಬಾರದು" ಎಂದಾಗ ಇಡೀ ಪೇಟೆ ತಿರುಗಿ ನನ್ನನ್ನೇ ನೋಡಿತು.

ನೋಡದೆ ಇರುತ್ತದೆಯೇ? ಶಿವಮೊಗ್ಗದಲ್ಲಿ ಅಂಥ ಬೋರ್ಡು ಇರುವುದು ನನ್ನೊಬ್ಬನಿಗೇ.

ನನ್ನದು ಕುಕ್ಕರ್, ಮಿಕ್ಸಿ ರಿಪೇರಿ ಅಂಗಡಿ. ಬಾಗಿಲ ಮೇಲೆ, ರಸ್ತೆಗೆ ಚಾಚಿಕೊಂಡು, ನೀರಿನ ಡ್ರಮ್ಮಿಗಿಂತ ದಪ್ಪನೆಯ ಕಬ್ಬಿಣದ ಕುಕ್ಕರೊಂದು ನಿಂತಿತ್ತು, ಅದೇ ನನ್ನ ಬೋರ್ಡು. ಭದ್ರಾವತಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ನನ್ನ ಬಾಮೈದ ಲೋಕೇಶ ಮಾಡಿಕೊಟ್ಟದ್ದು.

ಮನೆಗೆ ಬಂದು ವಿಷಯ ಹೇಳಿದೆ. ಹೆಂಡತಿಯದು ಒಂದೇ ಮಾತು. "ನನ್ ತಮ್ಮ ಮಾಡಿದ ಕುಕ್ಕರ್ ಗುಜರಿಗೆ ಹೋದ್ರೆ, ನೀವು ಊಟಕ್ಕೆ ಹೋಟ್ಲು ನೋಡ್ಕಳಿ."

ನಾನು ಹೆದರುವ ಪೈಕಿ ಅಲ್ಲ... ಆದರೆ ಹೋಟೆಲ್ ಸಾಂಬಾರು ನನ್ನ ಹೊಟ್ಟೆಗೆ ಆಗಿಬರುವುದಿಲ್ಲ.

ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು, ನಿಜ. ಆದರೆ ಮೀಟಿಂಗ್ ಮುಗಿಯುವಾಗ ನಾನು ಎದ್ದು ಕೇಳಿದ್ದ ಪ್ರಶ್ನೆಯನ್ನು ಯಾವ ವಕೀಲನೂ ಕೇಳಲಾರ. "ಮೇಡಂ, ಬೋರ್ಡ್ ಬದ್ಲು ದೇವ್ರಿದ್ರೆ?"

"ಅದಕ್ಕೆ ಬೇರೆ ರೂಲ್ಸ್ ಇದೆ ಅಂಕಲ್" ಎಂದಿದ್ದರು.

ಬೇರೆ ರೂಲ್ಸ್ ಎಂದಮೇಲೆ ರಿಯಾಯಿತಿ ಇದ್ದೇ ಇರುತ್ತದೆ. ದೇವರಿಗಲ್ಲದೆ ಇನ್ಯಾರಿಗೆ!

ಮರುದಿನ ಬೆಳಿಗ್ಗೆಯೇ ಏಣಿ ಹಾಕಿ ಕುಕ್ಕರಿಗೆ ಅರಿಶಿನ ಕುಂಕುಮ ಹಚ್ಚಿದೆ. ಎದುರಿಗೆ ಹೂವು ಮಾರುವ ಗಂಗಮ್ಮನಿಂದ ಸೇವಂತಿಗೆ ಹಾರ ತಂದು ಹಾಕಿದೆ. ಆಯುಧಪೂಜೆಗೆ ಲಾರಿಗೇ ಹಾಕುತ್ತೇವೆ, ಇದರಲ್ಲೇನು?

ವಾರ ತುಂಬುವುದರೊಳಗೆ ಪ್ಲಾನು ನನ್ನ ಕೈ ಮೀರಿತು. ಬೈಕಿನವರು ಸ್ಲೋ ಮಾಡಿ ಎದೆ ಮುಟ್ಟಿಕೊಂಡು ಹೋಗತೊಡಗಿದರು. ಶುಕ್ರವಾರ ನಿಂಬೆಹಣ್ಣಿನ ದೀಪ ಬಂತು. ಯಾರೋ ಹಿಡಿಕೆಗೆ ಹರಕೆಯ ಪುಟ್ಟ ತೊಟ್ಟಿಲು ಕಟ್ಟಿ ಹೋದರು. ಮೊಮ್ಮಗಳ ಜ್ವರ ಇಳಿಸಿದ್ದು ಈ ತಾಯಿಯೇ ಎಂದು ಗಂಗಮ್ಮ ಬೀದಿಗೆಲ್ಲ ಸಾರಿದಳು.

ನಾನು ಒಳಗೊಳಗೇ ಉಬ್ಬಿದೆ.

ಸೋಮವಾರ ಮೇಡಂ ಟೇಪ್ ಹಿಡಿದು ಬಂದರು. ಕುಕ್ಕರ್ ನೋಡಿದರು, ಚಪ್ಪಲಿ ಬಿಟ್ಟರು, ಕೈ ಮುಗಿದರು. ಗೆದ್ದೆ ಅಂದುಕೊಂಡೆ...

"ಅಂಕಲ್, ಬೋರ್ಡ್ ಆಗಿದ್ರೆ ತೆಗೆಯೋಕೆ ಒಂದು ತಿಂಗ್ಳು ಟೈಮ್ ಕೊಡ್ತಿದ್ದೆ. ರಸ್ತೆಗೆ ಹೊಸದಾಗಿ ದೇವ್ರನ್ನ ತಂದಿಟ್ರೆ ಇವತ್ತೇ ತೆಗಿಬೇಕು. ಅದೇ ಬೇರೆ ರೂಲ್ಸು."

"ಅಯ್ಯೋ ಮೇಡಂ, ಇದು ದೇವ್ರಲ್ಲ, ಬರೀ ಕುಕ್ಕರ್ರು!"

ಗಂಗಮ್ಮ ಹೂವಿನ ಬುಟ್ಟಿ ಬಿಟ್ಟು ಎದ್ದು ಬಂದಳು. "ಯಾರಿಗ್ ಕುಕ್ಕರ್ ಅಂತೀಯ ಮಾರಾಯ? ನಾಲ್ಗೆ ಬಿಗಿ ಹಿಡಿ! ತಾಯಿ ಮುನಿಸ್ಕಂಡ್ರೆ ನಿನ್ ಮಿಕ್ಸಿ ಒಂದೂ ತಿರುಗಲ್ಲ!"

"ಭಕ್ತರೇ ಹೇಳ್ತಿದಾರಲ್ಲ ಅಂಕಲ್..." ಮೇಡಂ ನಗು ತಡೆದುಕೊಳ್ಳಲು ಟೇಪನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

ಕುಕ್ಕರ್ ಎಂದರೆ ಬೀದಿ ಬಿಡುವುದಿಲ್ಲ, ದೇವರು ಎಂದರೆ ಪಾಲಿಕೆ ಬಿಡುವುದಿಲ್ಲ, ಗುಜರಿಗೆ ಹೋಯಿತು ಎಂದರೆ ಹೆಂಡತಿ ಬಿಡುವುದಿಲ್ಲ. ನನ್ನಂಥ ಬುದ್ಧಿವಂತನಿಗೂ ಬೆವರು ಬಂತು ಮಾರಾಯ್ರೆ.

ಕೊನೆಗೆ ಮೇಡಮ್ಮೇ ದಾರಿ ತೋರಿಸಿದರು. "ನಿಮ್ಮ ಅಂಗಡಿ ಒಳಗೆ ಯಾರನ್ನ ಬೇಕಾದ್ರೂ ಇಟ್ಕೊಳ್ಳಿ, ನಾವ್ ಕೇಳಲ್ಲ."

ಫೋನ್ ಮಾಡಿದ ಕೂಡಲೇ ಲೋಕೇಶ ಗ್ಯಾಸ್ ಕಟರ್ ಸಮೇತ ಭದ್ರಾವತಿಯಿಂದ ಓಡಿಬಂದ. ಏಣಿ ಹತ್ತಿ ಹಾರ, ತೊಟ್ಟಿಲು ಎಲ್ಲ ನೋಡಿ ಅಲ್ಲಿಂದಲೇ ಕೂಗಿದ. "ಭಾವ, ನಾನ್ ಮಾಡಿದ್ದು ಕುಕ್ಕರ್ರು, ಅವತಾರ ಎತ್ಸಿದ್ದು ನೀವು. ಕಟ್ ಮಾಡಿದ ಪಾಪನೂ ನಿಮ್ಗೇ!"

ಇಳಿಸುವುದೂ ಸುಮ್ಮನೆ ಆಗಲಿಲ್ಲ. ಗಂಗಮ್ಮನ ಆರತಿ ಮುಂದೆ, ನಾಲ್ಕು ಜನರ ಹೆಗಲ ಮೇಲೆ ಕುಕ್ಕರ್ ಹಿಂದೆ. ಫುಟ್‌ಪಾತಿನಿಂದ ಬಾಗಿಲಿಗೆ ಎಷ್ಟು ದೂರ? ಅಷ್ಟಕ್ಕೇ ಯಾರೋ ತಮಟೆಯನ್ನೂ ತಂದಿದ್ದರು.

ಈಗ ಕುಕ್ಕರ್ ಅರ್ಧ ಅಂಗಡಿ ತುಂಬಿಕೊಂಡು ಕೂತಿದೆ, ನಾನು ಹೊಸ್ತಿಲ ಪಕ್ಕ ಸ್ಟೂಲಿನ ಮೇಲೆ. ಮಧ್ಯಾಹ್ನ ಮನೆಯಿಂದ ಕ್ಯಾರಿಯರ್ ತಪ್ಪದೆ ಬರುತ್ತದೆ. ಮೊದಲ ಎಡೆ ಮಾತ್ರ ತಮ್ಮನ ಕುಕ್ಕರಿಗೆ, ಆಮೇಲೆ ಗಂಡನಿಗೆ.

ವ್ಯಾಪಾರ? ಕೇಳಬೇಡಿ! ವಿದ್ಯಾನಗರ, ನವುಲೆಯಿಂದೆಲ್ಲ ಕೆಟ್ಟ ಕುಕ್ಕರ್ ಹಿಡಿದು ಬರುತ್ತಾರೆ, ಹೊರಗೆ ಚಪ್ಪಲಿ ಬಿಡುತ್ತಾರೆ, ಗ್ಯಾಸ್ಕೆಟ್ ಬದಲಾಯಿಸಿ ಕೊಟ್ಟರೆ ಎರಡೂ ಕೈ ಚಾಚಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ನೀವೇ ಹೇಳಿ, ರಿಪೇರಿಯಾದ ಕುಕ್ಕರಿಗೆ ಬಿಲ್ ಹಾಕಲಾ, ಪ್ರಸಾದ ಅಂತ ಕೊಟ್ಟು ಸುಮ್ಮನಿರಲಾ?