ಸಣ್ಣ ರಾಣಿಯನ್ನು ಬದುಕಿಸಿದ್ದು

ಎಂಟು ತಿಂಗಳು ಬಿಟ್ಟು ಮತ್ತೆ ಒಂದು ಧಾರಾವಾಹಿಯ ಮುಂದೆ ಕೂಡುವುದೆಂದರೆ ಗುರುತಿಲ್ಲದವರ ಮದುವೆಯ ಪಂಕ್ತಿಯಲ್ಲಿ ಕೂತಂತೆ. ಎಲೆಗೆ ಎಲ್ಲವೂ ಬೀಳುತ್ತದೆ, ಆದರೆ ಯಾರ ಮದುವೆ ಎಂಬುದೇ ತಿಳಿಯುವುದಿಲ್ಲ. ನಾನು ಸೊಲ್ಲಾಪುರದ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಕಡತಗಳ ಹಿಂದಿನ ಸಂದರ್ಭ ಹುಡುಕಿದ ಗುಮಾಸ್ತ. ಆದರೂ ಹೋದ ಭಾನುವಾರ ಅಕ್ಕಲಕೋಟದಲ್ಲಿ, ಹೆಂಡತಿಯ ತಂಗಿ ಶೋಭಾಳ ಮನೆಯಲ್ಲಿ, ಟೀವಿಯೊಳಗಿನ ಮಾಂತ್ರಿಕ ನಮ್ಮ ಕಡೆಯವನೋ ವೈರಿಯೋ ಗೊತ್ತಾಗದೆ ಪೆದ್ದನ ಹಾಗೆ ಕೂತಿದ್ದೆ.

ಅದೇನು ಸಾದಾ ಕಥೆಯಲ್ಲ. ಏಳು ಕೋಟೆ, ಕೋಟೆಗೊಂದು ಸುರಂಗ, ಒಬ್ಬನ ಮುಖ ಹೊತ್ತು ತಿರುಗುವ ಇನ್ನೊಬ್ಬ. ಈಗ ಓಣಿಗೆ ಕೇಬಲ್ ಬಂದಿದೆ ನಿಜ, ಆದರೂ ಭಾನುವಾರ ಬೆಳಿಗ್ಗೆ ಆ ಹಿಂದಿ ಧಾರಾವಾಹಿ ಶುರುವಾದರೆ ನಳದ ಮುಂದೆ ಕೊಡಗಳಷ್ಟೇ ಉಳಿಯುತ್ತವೆ. ನನ್ನ ಹೆಂಡತಿ ಸುಮಿತ್ರೆಗೆ ಎಲ್ಲವೂ ಬಾಯಿಪಾಠ. ರಾಜನ ವೇಷದಲ್ಲಿ ಮಂತ್ರಿ ಬಂದಿದ್ದರೆ, ರೊಟ್ಟಿ ಬಡಿಯುತ್ತ ಒಳಗಿನಿಂದಲೇ ದನಿ ಕೇಳಿ ಹೇಳಿಬಿಡುತ್ತಿದ್ದಳು. ಹಿಂದೆ ಗುಡಿಯಲ್ಲಿ ಪುರಾಣ ಹೇಳುತ್ತಿದ್ದ ಶಾಸ್ತ್ರಿಗಳು ನಮ್ಮಂಥವರ ಮೇಲೆ ಕರುಣೆ ಉಳ್ಳವರು. ನಡುವೆ ಎದ್ದು ಹೋದವನು ಮರುವರ್ಷ ಬಂದರೂ ರಾಕ್ಷಸ ಅದೇ ತಪಸ್ಸಿನಲ್ಲಿ ಕೂತಿರುತ್ತಿದ್ದ. ಟೀವಿಯ ಕಥೆ ಯಾರಿಗೂ ಕಾಯುವುದಿಲ್ಲ.

ಸುಮಿತ್ರೆ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಟೀವಿ ಇರಲಿಲ್ಲ. ಅಕ್ಕನಿಗೆ ಕಥೆ ತಪ್ಪಬಾರದೆಂದು ಶೋಭಾ ವಾರಕ್ಕೊಂದು ಅಂಚೆ ಕಾರ್ಡು ಬರೆಯತೊಡಗಿದಳು. ಅಕ್ಕತಂಗಿಯರಿಬ್ಬರೂ ಓದಿದ್ದು ಮರಾಠಿ ಶಾಲೆಯಲ್ಲಿ, ಮನೆಮಾತು ಕನ್ನಡ. ಹೀಗಾಗಿ ಕಾರ್ಡಿನ ಅಕ್ಷರವೆಲ್ಲ ಮರಾಠಿಯದು, ಮಾತೆಲ್ಲ ಕನ್ನಡದ್ದು. ಪಂಡಿತರು ಕಂಡರೆ ಹಣೆ ಚಚ್ಚಿಕೊಂಡಾರು, ನಮ್ಮಲ್ಲಿ ಮಾತ್ರ ಇಂಥವರು ಮನೆಗೊಬ್ಬರು ಸಿಗುತ್ತಾರೆ. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಓದಿ ಹೇಳುತ್ತಿದ್ದೆ.

ಐದನೆಯ ಕಾರ್ಡಿನಲ್ಲಿ ಸಣ್ಣ ರಾಣಿ ಸತ್ತಳು. ಸುಮಿತ್ರೆಗೆ ಆ ಕಥೆಯಲ್ಲಿ ಎಲ್ಲರಿಗಿಂತ ಬೇಕಾದವಳು ಅವಳೇ. ಅಂದೇ ಬೆಳಿಗ್ಗೆ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು. ಓದಲು ನಾಲಿಗೆ ಏಳಲಿಲ್ಲ. ರಾಣಿ ಸತ್ತಂತೆ ನಟಿಸಿ ಸುರಂಗ ಸೇರಿದ್ದಾಳೆ ಎಂದೆ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು. ರಜೆ ಅರ್ಜಿ ಬಿಟ್ಟರೆ ಸ್ವಂತದ್ದೇನೂ ಬರೆಯದ ನಾನು ಮುಂದಿನ ವಾರ ಅವಳಿಗೆ ಗಂಡುವೇಷ ತೊಡಿಸಿದೆ, ಆಮೇಲೆ ಗಿಣಿ ಮಾಡಿದೆ, ಗಿಣಿಯ ಬಾಯಲ್ಲಿ ಏನು ಆಡಿಸಬೇಕೆಂದು ತೋಚದೆ ಮತ್ತೆ ಮನುಷ್ಯಳನ್ನಾಗಿ ಮಾಡಿದೆ. ಸುಮಿತ್ರೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಮ್ಮೊಮ್ಮೆ ನಗುತ್ತಿದ್ದಳು. ರಾಣಿ ಏಳನೆಯ ಕೋಟೆಯ ಬಾಗಿಲಿಗೆ ಬಂದ ವಾರ ಸುಮಿತ್ರೆ ಹೋಗಿಬಿಟ್ಟಳು.

ಆಮೇಲೆ ನನ್ನನ್ನು ತಿಂದದ್ದು ದುಃಖಕ್ಕಿಂತ ಹೆಚ್ಚಾಗಿ ಈ ಸುಳ್ಳು. ರೋಗದ ಸಂಗತಿಯನ್ನೂ ಮುಚ್ಚಿಟ್ಟೆ, ರಾಣಿಯ ಸಂಗತಿಯನ್ನೂ ಮುಚ್ಚಿಟ್ಟೆ. ಅವಳಿಗೆ ಸಾವಿನ ಮಾತು ಆಡುವುದಿತ್ತೇನೋ, ನನಗೆ ಏನಾದರೂ ಹೇಳಿ ಹೋಗುವುದಿತ್ತೇನೋ. ಗಿಣಿ ಕಥೆ ಹೇಳುತ್ತ ಅವಳ ಬಾಯಿ ಕಟ್ಟಿದೆನಲ್ಲ ಎಂದು ಊಟಕ್ಕೆ ಕೂತಾಗೆಲ್ಲ ನೆನಪಾಗುತ್ತಿತ್ತು, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಭಾನುವಾರ ಇದನ್ನೆಲ್ಲ ಶೋಭಾಳ ಮುಂದೆ ಒಪ್ಪಿಕೊಂಡೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅಕ್ಕಗ ಎಲ್ಲಾ ಗೊತ್ತಿತ್ರಿ, ಮಾಮಾ, ರಾಣಿದೂ, ತಂದೂ. ನೀವು ಚಾ ಕುಡಿಯಾಕ ಹೋದಾಗ ಕಾರ್ಡ್ ತಾನೇ ಓದಿಕೊಳ್ತಿದ್ಲು. ನಾ ನೋಡಾಕ ಬಂದಾಗ ಹೇಳಿದ್ಲು, ನನಗ ತಿಳದದ ಅಂತ ಅವರಿಗೆ ಹೇಳಬ್ಯಾಡ, ಪಾಪ, ಅಂಜ್ತಾರ ಅಂತ.”

ನಾನು ಅತ್ತುಬಿಟ್ಟೆ. ಅವಳನ್ನು ನಾನು ಕಾಪಾಡುತ್ತಿದ್ದೇನೆಂದು ಬೀಗಿದ್ದೆ, ಅಂಜುಬುರುಕ ಗಂಡನನ್ನು ಅವಳೇ ಕೊನೆತನಕ ಸುಧಾರಿಸಿಕೊಂಡು ಹೋಗಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಉಳಿದ ಯಾವ ವಿಷಯದಲ್ಲೂ ನಾನು ಅವಳಿಗೆ ಮೋಸ ಮಾಡಿ ಗೆದ್ದವನಲ್ಲ. ಇದೊಂದರಲ್ಲಿ ಗೆದ್ದೆನೆಂದು ಹೇಗೆ ನಂಬಿದೆನೋ.

ಟೀವಿಯಲ್ಲಿ ಮಾಂತ್ರಿಕ ಇನ್ನೂ ಕೂಗುತ್ತಲೇ ಇದ್ದ. ಕಾರ್ಡು ನಿಂತ ಮೇಲೆ ಏನೇನಾಯಿತು ಎಂದು ಶೋಭಾಳನ್ನು ಕೇಳಿದೆ. ಅವಳು ಎದ್ದು ಟೀವಿ ಬಂದ್ ಮಾಡಿದಳು.

“ಅದರಾಗ ಆಗಿದ್ದು ನನಗ ಗೊತ್ತದ. ನೀವು ಅಕ್ಕಗ ಹೇಳಿದ್ದು ಹೇಳ್ರಿ.”

ಹೇಳಿದೆ. ಸುರಂಗ, ಗಂಡುವೇಷ, ಗಿಣಿ, ಒಂದನ್ನೂ ಬಿಡದೆ. ಏಳನೆಯ ಕೋಟೆಯ ಬಾಗಿಲಿಗೆ ಬಂದು ನಿಂತೆ. ಮುಂದೇನು ಎಂಬಂತೆ ಶೋಭಾ ಮುಖ ನೋಡಿದಳು.

“ಸತ್ಲು,” ಎಂದೆ.

ಅಷ್ಟು ದಿನಗಳಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಶೋಭಾ ಸೋಸಿದ ಸೊಪ್ಪನ್ನು ಒಳಗೆ ಒಯ್ದಳು. ಆಮೇಲೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಹಸಿವಾಯಿತು.