ರಾಧಾಮಣಿಯ ಸೊಟ್ಟ ಲಿಲ್ಲಿ

ಕೊಡಿಗೇಹಳ್ಳಿಯ ಆ ಹಳೇ ಹೆಂಚಿನ ಮನೆಯಲ್ಲಿ ರಾಧಾಮಣಿಯದು ಅಂತ ಇದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೂಲೆಯೊಂದೇ. ಕಲ್ಲು ಮದುವೆಯ ಜೊತೆಗೇ ಬಂದಿತ್ತು. ಮೂಲೆಯನ್ನು ಅವಳೇ ಮಾಡಿಕೊಂಡಿದ್ದಳು. ಸೋಪು ಬಿಟ್ಟ ಮೇಲೆ ಬಟ್ಟೆ ಜಾಲಿಸಿದ ಕೊನೆಯ ನೀರನ್ನು ದಿನವೂ ಅಲ್ಲಿಗೆ ಸುರಿದು ಲಿಲ್ಲಿ ಗೆಡ್ಡೆಗಳನ್ನು ಬೆಳೆಸಿದ್ದಳು.

ಅವಳ ಅಪ್ಪ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಮಾಲಿಯಾಗಿದ್ದವನು. ಹೊಸ ಬಗೆಯ ಹೂವಿಗಾಗಿ ಅವನು ಒಂದು ಹೂವಿನ ಪರಾಗದ ಪುಡಿಯನ್ನು ಇನ್ನೊಂದಕ್ಕೆ ತಾಕಿಸುವುದನ್ನು ಅವಳು ಚಿಕ್ಕಂದಿನಲ್ಲೇ ನೋಡಿದ್ದಳು. ಒಂದು ಬೆಳಿಗ್ಗೆ, ಗಂಡ ಬಾಲರಾಜನ ಡಬ್ಬಿ ಕಟ್ಟಿ, ಅತ್ತೆ ಮುನಿಕೆಂಪಮ್ಮನ ಸ್ನಾನಕ್ಕೆ ನೀರು ಕಾಯಲಿಟ್ಟು, ಆ ಬಿಡುವಿನಲ್ಲಿ ತನ್ನ ಕೆಂಪು ಲಿಲ್ಲಿಯ ಪುಡಿಯನ್ನು ಎದುರುಮನೆಯ ಅಕ್ಬರಿ ಕೊಟ್ಟಿದ್ದ ಬಿಳಿ ಗೀರಿನ ಲಿಲ್ಲಿಗೆ ಇಯರ್‌ಬಡ್ಡಿನಿಂದ ಸವರಿದಳು. ಬೀಜ ಕಟ್ಟಿತು. ಬೀಜ ಸಸಿಯಾಗಿ, ಸಸಿ ಗೆಡ್ಡೆಯಾಗಿ ಹೂ ಬಿಡಲು ನಾಲ್ಕು ವರ್ಷ ಹಿಡಿಯಿತು. ಉಳಿದದ್ದು ಒಂದೇ ಗೆಡ್ಡೆ.

ಈ ಏಪ್ರಿಲ್‌ನಲ್ಲಿ ಅದು ಅರಳಿದಾಗ ಲಿಲ್ಲಿಯ ಹಾಗಿರಲಿಲ್ಲ. ತುತ್ತೂರಿಯಂತೆ ಬಾಯಿ ತೆರೆಯುವ ಬದಲು ಎಸಳುಗಳು ಜೇಡನ ಕಾಲಿನ ಹಾಗೆ ಸಣ್ಣಗೆ ಚಾಚಿ ತುದಿಯಲ್ಲಿ ತಿರುಚಿಕೊಂಡಿದ್ದವು. ಕೇಸರ ಇರಬೇಕಾದಲ್ಲಿ ಅರ್ಧಂಬರ್ಧ ಎಸಳಾದ ಕೆಂಪು ಚಿಂದಿಗಳು. ಪುಡಿಯಿಲ್ಲ, ಬೀಜ ಕಟ್ಟುವ ಕಡ್ಡಿಯೂ ಇಲ್ಲ. ಇಂಥದ್ದೇ ಇನ್ನೊಂದು ಗಿಡ ಬೇಕೆಂದರೆ ಗೆಡ್ಡೆ ಪಕ್ಕದಲ್ಲಿ ಒಂದು ಮರಿ ಹಾಕುವ ತನಕ ಅದನ್ನು ಕಾಪಾಡಬೇಕಿತ್ತು.

"ಬೆಳಿಗ್ಗೆ ಎದ್ದಾಗ ನನ್ ತಲೆ ಹಿಂಗೇ ಇರುತ್ತಲ್ವಾಮ್ಮಾ" ಎಂದಳು ಮಗಳು ವನಿತಾ.

ಪೂಜೆಗೆ ಹೂ ಬಿಡಿಸಲು ಬಂದ ಮುನಿಕೆಂಪಮ್ಮ ಬಗ್ಗಿ ನೋಡಿದಳು. "ಇದೇನಮ್ಮಿ, ಇಂಗೆ ಸೊಟ್ಟಗೈತೆ?" ಅವಳು ಹೂ ಕೀಳುವುದು ದಂಟು ಹಿಡಿದು ಎಳೆದೇ. ಹಾಗೆ ಎಳೆದಿದ್ದರೆ ಎಳೇ ಗೆಡ್ಡೆಯೂ ಹಸಿಮಣ್ಣಿನಿಂದ ಮೇಲೆದ್ದು ಬಂದುಬಿಡುತ್ತಿತ್ತು.

"ಊನ ಇರೋ ಹೂವು ಅತ್ತೆ. ದೇವ್ರಿಗೆ ಏರ್ಸ್‌ಬಾರ್ದು" ಎಂದು ರಾಧಾಮಣಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. ಚಾಚಿದ ಕೈ ಹಿಂದಕ್ಕೆ ಹೋಯಿತು. ಆ ಮನೆಯಲ್ಲಿ ಅವಳ ಮಾತೊಂದು ಅಷ್ಟು ಬೇಗ ನಡೆದದ್ದೇ ಇಲ್ಲ.

ಮೇ ತಿಂಗಳಲ್ಲಿ ಬಾಲರಾಜ್ ಮನೆ ಕೆಡವಿ ಬಾಡಿಗೆಗೆ ಮೂರು ಮಹಡಿ ಎಬ್ಬಿಸುವುದೆಂದು ನಿರ್ಧರಿಸಿದ. ಗುದ್ದಲಿ ಪೂಜೆ ಈಶಾನ್ಯ ಮೂಲೆಯಲ್ಲಿ, ಅಂದರೆ ಲಿಲ್ಲಿಗಳಿದ್ದಲ್ಲೇ. ಹಿಂದಿನ ದಿನವೇ ರಾಧಾಮಣಿ ಸೊಟ್ಟ ಲಿಲ್ಲಿಯ ಗೆಡ್ಡೆಯನ್ನು ಹಳೇ ಪೇಂಟಿನ ಬಕೆಟ್ಟಿಗೆ ಎತ್ತಿಡಬೇಕೆಂದುಕೊಂಡಳು. ನೆಂಟರಿಗೆಲ್ಲ ಒಬ್ಬಟ್ಟಿನ ಹೂರಣ ರುಬ್ಬುವಷ್ಟರಲ್ಲಿ ಕತ್ತಲಾಯಿತು.

"ಒಂದೇ ಒಂದ್ ಗೆಡ್ಡೆ, ಎತ್ತಿಟ್ಕೊಡ್ರೀ" ಎಂದಳು ಗಂಡನಿಗೆ.

"ಪೂಜೆ ಮುಗೀಲಿ ತಡಿಯೇ. ಕಾಲ್ ಬಂದು ಓಡೋಗುತ್ತಾ ಅದು?" ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

ಬೆಳಿಗ್ಗೆ ಕಸದ ಗಾಡಿ ಬಂದಾಗ ರಾಧಾಮಣಿ ಈರುಳ್ಳಿ ಸಿಪ್ಪೆ, ತೆಂಗಿನ ನಾರು, ಹಳಸಿದ ಅನ್ನ ಎಲ್ಲವನ್ನೂ ಕಸದ ಬಕೆಟ್ಟಿಗೆ ಅದುಮಿ ಗಾಡಿಗೆ ಸುರಿದು ಬಂದಳು. ಆಮೇಲೆ ಆರತಿ ತಟ್ಟೆ ಹಿಡಿದು ಮೂಲೆಗೆ ಹೋದರೆ ಸಗಣಿ ಸಾರಿಸಿದ ನೆಲ. ಉಳಿದ ಲಿಲ್ಲಿಗಳು ಪಕ್ಕಕ್ಕೆ ರಾಶಿಯಾಗಿ ಬಿದ್ದಿದ್ದವು. ಸೊಟ್ಟದ್ದು ಅವುಗಳಲ್ಲಿ ಇರಲಿಲ್ಲ.

"ಅತ್ತೆ, ಆ ಗೆಡ್ಡೆ?"

"ನೀನೇ ಅಲ್ವೇನಮ್ಮಿ ಊನ ಅಂದಿದ್ದು. ಪಾಯ ಇಕ್ಕೋ ಜಾಗ್ದಾಗೆ ಅದನ್ನ ಮಡಗಾಕಾಯ್ತದಾ? ವೊತ್ತಾರೆನೇ ಕಿತ್ತು ಕಸದ ಬಕೇಟಿಗೆ ಆಕ್ದೆ."

ರಾಧಾಮಣಿಯ ಉಗುರಲ್ಲಿ ಈರುಳ್ಳಿ ಸಿಪ್ಪೆಯ ಚೂರು ಇನ್ನೂ ಇತ್ತು. ಗಾಡಿಗೆ ಸುರಿಯುವಾಗ ಬಕೆಟ್ಟು ಯಾವತ್ತಿಗಿಂತ ಭಾರ ಅನಿಸಿತ್ತು. ತೆಂಗಿನ ನಾರು ನೆನೆದಿರಬೇಕು ಅಂದುಕೊಂಡಿದ್ದಳು.

"ಎಲೆ ಹಾಕಾಯ್ತು, ಪಲ್ಯ ತಾರೇ" ಎಂದು ಬಾಲರಾಜ್ ಕೂಗಿದ. ಹೋಗಿ ಬಡಿಸಿದಳು.

ಎಲ್ಲರೂ ಉಂಡು ಹೋದ ಮೇಲೆ ಮಡಿಬಟ್ಟೆಗಳನ್ನು ಕಲ್ಲಿಗೆ ಹಾಕಿ ಒಗೆದಳು. ಜಾಲಿಸಿದ ಕೊನೆಯ ನೀರಿನ ಬಕೆಟ್ಟನ್ನು ಎತ್ತಿ ಎರಡು ಹೆಜ್ಜೆ ಮೂಲೆಯ ಕಡೆ ನಡೆದವಳು ತಿರುಗಿ, ಮೋರಿಗೆ ಚೆಲ್ಲಿದಳು.