ಹಾಡುವಾಕೆಗೆ ಇಟ್ಟ ಶಿರಾ

"ತಂಬೂರಿ ಅಲ್ಲೇ ಗ್ವಾಡಿಗೆ ಆನಿಸಿ ಇಡ್ರಿ ಅವ್ವಾರ, ಯಾರೂ ಮುಟ್ಟಂಗಿಲ್ಲ."

ಲಿಂಗಸುಗೂರಿನ ಹೋಟೆಲ್ ಮಾಲೀಕ ಹೀಗೆ ಅಂದದ್ದು ನಮ್ಮ ಅತ್ತೆಯವರಿಗೆ. ಅತ್ತೆಯವರ ಕಂಕುಳಲ್ಲಿ ಇದ್ದದ್ದು ತಂಬೂರಿ ಅಲ್ಲ, ಹಳೆ ಸೀರೆಯ ತುಂಡು ಸೇರಿಸಿ ಹೊಲಿದ ಕೌದಿ. ಬೆಳತನಕ ಕೂತು ಗಾಯನ ಕೇಳಬೇಕಲ್ಲ ಎಂದು ಉದ್ದಕ್ಕೆ ಸುತ್ತಿ, ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು ತಂದಿದ್ದರು. ಕೌದಿಯನ್ನು ತಂಬೂರಿ ಅಂದುಕೊಂಡ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ನಡೆದದ್ದರ ಮೇಲೆ ಸಿಟ್ಟು. ಇನ್ನೂ ಇಳಿದಿಲ್ಲ. ಆದ್ದರಿಂದ ಈ ವಾರದ ಅಂಕಣದಲ್ಲಿ ಹೆಣ್ಣುಮಕ್ಕಳ ಓದು ಬರಹದ ಮಾತು ಬಿಟ್ಟು ಹೆಣ್ಣುಮಕ್ಕಳ ಹೊಟ್ಟೆಯ ಮಾತು ಬರೆಯುತ್ತೇನೆ.

ಲಿಂಗಸುಗೂರಿನಲ್ಲಿ ಹೊಸ ಹತ್ತಿ ಗಿರಣಿ ಶುರುವಾಯಿತು. ಗಿರಣಿಯ ಸಾಹುಕಾರರು ಆ ಖುಷಿಗೆ ಬೆಳಗಾವಿ ಕಡೆಯ ಒಬ್ಬ ಗಾಯಕಿಯನ್ನು ಕರೆಸಿದರು. (ಆಕೆಯ ಹೆಸರು ಬರೆಯುವುದಿಲ್ಲ. ಅದೇ ಊರಿಗೆ ಆಕೆ ಮತ್ತೆ ಬರಬೇಕಾದೀತು.) ಸುದ್ದಿ ನಮ್ಮ ಸಿಂಧನೂರಿಗೆ ಬಂದದ್ದೇ ತಡ, ನಮ್ಮ ಅತ್ತೆ ಎದ್ದು ನಿಂತರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವನಾಮ, ಜೀವವೆಲ್ಲ ಗಾಯನದ ಮೇಲೆ. ನಮ್ಮ ಯಜಮಾನರಿಗೆ ತಹಸೀಲ್ ಕಚೇರಿಯಲ್ಲಿ ರಜೆ ಸಿಗಲಿಲ್ಲ. "ಹೆಂಗಸರಿಬ್ಬರೇ ಹ್ಯಾಂಗ ಹೋಗ್ತೀರಿ?" ಅಂದರು. "ಬಸ್ಸಿನ್ಯಾಗ ಹೋಗ್ತೀವಿ" ಅಂದರು ಅತ್ತೆ.

ಬುತ್ತಿ ಕಟ್ಟಲಿಲ್ಲ. ಯಾಕೆಂದರೆ ಲಿಂಗಸುಗೂರಿನಲ್ಲಿ ನಮ್ಮ ಬೀಗರ ಮನೆ ಇದೆ. ಬೀಗರ ಮನೆಗೆ ಬುತ್ತಿ ಗಂಟು ಹಿಡಿದುಕೊಂಡು ಹೋಗುವುದುಂಟೇ? ಅವರು ಜನ್ಮದಲ್ಲಿ ಮಾತಾಡಿಸುವುದಿಲ್ಲ.

ಮಸ್ಕಿಯಲ್ಲಿ ಬಸ್ ನಿಂತಿತು. ಇದ್ದಿಲಿನಿಂದ ಓಡುವ ಬಸ್ಸು, ಅದಕ್ಕೂ ಹೊಟ್ಟೆಗೆ ಹಾಕಬೇಕು. ಗಂಡಸರೆಲ್ಲ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ ಹೊಡೆದರು. ನಾನು ಹೆಂಗಸರ ಪರದೆ ಸೀಟಿನಿಂದ ಏಳುವಷ್ಟರಲ್ಲಿ ಕ್ಲೀನರ್ ಓಡಿ ಬಂದ. "ಜನಾನಾದವ್ರು ಇಳೀಬ್ಯಾಡ್ರಿ, ಬಸ್ ಬಿಡತೈತಿ." ಬಸ್ ಬಿಡಲಿಲ್ಲ. ಗಂಡಸರು ಬೀಡಿ ಸೇದಿ ಮುಗಿಸುವತನಕ ಅಲ್ಲೇ ನಿಂತಿತ್ತು. ಅತ್ತೆಗೆ ಒಂದು ಗುಟುಕು ನೀರೂ ಸಿಗಲಿಲ್ಲ. ಇರಲಿ, ಬೀಗರ ಮನೆ ಇದೆಯಲ್ಲ ಎಂದು ಸುಮ್ಮನಾದೆವು.

ಬೀಗರ ಮನೆಗೆ ಬೀಗ! ಯಾರೋ ತೀರಿಕೊಂಡರೆಂದು ಬೆಳಗ್ಗೆಯೇ ಎಲ್ಲರೂ ಹಳ್ಳಿಗೆ ಹೋಗಿದ್ದರು.

ಈಗ ಹೇಳಿ, ನಾಲ್ಕು ಗಂಟೆಯ ಬಿಸಿಲು. ಪೂಜೆ ಮುಗಿಸಿ ಹೊರಟ ಮುದುಕಿ ಮುಂಜಾನೆಯಿಂದ ಏನೂ ತಿಂದಿಲ್ಲ. ಒಂದೋ ಎಲ್ಲಾದರೂ ಉಣ್ಣಬೇಕು, ಇಲ್ಲವೇ ಸಂಜೆಯ ಬಸ್ಸಿಗೆ ಗಾಯನ ಕೇಳದೆ ಹಿಂದಿರುಗಬೇಕು. ಖಾನಾವಳಿಗೆ ಹೋದೆವು. "ಯಜಮಾನ್ರು ಎಲ್ಲದಾರ?" ಅಂದ ಖಾನಾವಳಿಯವನು. ಸಿಂಧನೂರಿನಲ್ಲಿದ್ದಾರೆ ಅಂದೆ. "ಅವರು ಬಂದ ಮ್ಯಾಲೆ ಬರ್ರಿ." ಅವರು ಬಂದರೆ ನನ್ನ ಹೊಟ್ಟೆ ತುಂಬುತ್ತದೆಯೇ? ಬಜಾರಿನ ಚಹಾದಂಗಡಿಯವನು ಇಷ್ಟೂ ಮಾತಾಡಲಿಲ್ಲ. ನಮ್ಮನ್ನು ನೋಡಿದವನೇ ಬೆನ್ನು ತಿರುಗಿಸಿ ಕಪ್ಪು ಬಸಿ ಒರೆಸತೊಡಗಿದ.

ಬಸ್ ಸ್ಟ್ಯಾಂಡಿನ ಎದುರಿನ ದೊಡ್ಡ ಹೋಟೆಲೇ ಕೊನೆಯದು. ಅಲ್ಲಿ ಆಶ್ಚರ್ಯ! ಮಾಲೀಕ ಎದ್ದು ನಿಂತ, ಕೌದಿಗೆ ನಮಸ್ಕಾರ ಹಾಕುವುದೊಂದು ಬಾಕಿ. "ಬರ್ರಿ ಬರ್ರಿ, ನಿಮ್ಮ ದಾರೀನ ನೋಡಾಕತ್ತಿದ್ನಿ. ಹಿತ್ತಲ ಬಾಗಲದಿಂದ ಬರ್ರಿ." ತಂಬೂರಿಯ ಮಾತು ಆಡಿದ್ದೂ ಆಗಲೇ. ವಿಭೂತಿ ನೋಡಿ ಭಜನೆಯವರು ಅಂದುಕೊಂಡಿರಬೇಕು ಎಂದು ಒಳಗೆ ಹೋದೆ.

ಒಳಗೆ ಅಂದರೆ ಒಲೆಯ ಹಿಂದೆ. ಒಂದು ಕಡೆ ಹಸಿ ಜಾಲಿ ಕಟ್ಟಿಗೆಯ ರಾಶಿ, ಇನ್ನೊಂದು ಕಡೆ ಮುಸುರೆ ಪಾತ್ರೆ, ನಡುವೆ ಒಂದು ಮಣೆ. ಕಣ್ಣು ಬಿಡಲಾಗದಷ್ಟು ಹೊಗೆ. ಆದರೆ ತಟ್ಟೆಗಳು ಬಂದವು! ಒಗ್ಗರಣಿ, ಮಿರ್ಚಿ, ತುಪ್ಪ ಜಿನುಗುವ ಶಿರಾ, ಸ್ಪೆಷಲ್ ಚಹಾ. ಅತ್ತೆ ಒಗ್ಗರಣಿಗೆ ಕೈ ಹಾಕಿದರು. ಶಿರಾವನ್ನು ಕೊನೆಗೆಂದು ಪಕ್ಕಕ್ಕೆ ಸರಿಸಿಟ್ಟರು. ಆಗ ಮಾಲೀಕ ಬಾಗಿಲಲ್ಲಿ ನಿಂತು ಹಲ್ಲು ಕಿಸಿದ.

"ಅವ್ವಾರ, ಇವತ್ತು ಮೊದಲ ಯಾವ ರಾಗ ಹಾಡ್ತೀರಿ?"

ಅತ್ತೆಯ ತುತ್ತು ಬಾಯಲ್ಲೇ ನಿಂತಿತು. ನನಗೆ ಆಗ ಅರ್ಥವಾಯಿತು. ಗಂಡಸಿಲ್ಲದೆ ಬಸ್ ಇಳಿದ ಹೆಂಗಸರು, ಕಂಕುಳಲ್ಲಿ ಉದ್ದನೆಯ ಗಂಟು. ಗಾಯಕಿಯ ಪಾರ್ಟಿ ಅಲ್ಲದೆ ಮತ್ತೇನು? ನಾನು ಎದ್ದು ಹೇಳಿದೆ, ನಾನು ಸಿಂಧನೂರಿನ ಹೆಣ್ಣುಮಕ್ಕಳ ಶಾಲೆಯ ಟೀಚರ್, ಇವರು ನಮ್ಮ ಅತ್ತೆ, ಹಾಡಲು ಅಲ್ಲ, ಕೇಳಲು ಬಂದವರು ಎಂದು.

ಮಾಲೀಕನ ಮುಖ ಕಪ್ಪಿಟ್ಟಿತು. ಶಿರಾ ಹೋಯಿತಲ್ಲ ಎಂದಲ್ಲ. "ಅಯ್ಯಯ್ಯ, ಮನಿತನಸ್ಥರು ನೀವು! ಇದು ಹಾಡಾಕಿ ಕುಂದ್ರು ಜಾಗಾರಿ. ಇಲ್ಲಿ ನೀವು ಕುಂದ್ರಬಾರದು."

"ಹಂಗಾರ ಮುಂದ ಬೆಂಚಿನ ಮ್ಯಾಲೆ ಕುಂದ್ರತೀವಿ" ಅಂದೆ.

"ಅಲ್ಲಿ ಗಂಡಸರು ಅದಾರ್ರಿ."

"ಮತ್ತ ಎಲ್ಲಿ ಕುಂದ್ರಬೇಕು?"

"ಮನಿತನಸ್ಥರು ಮನ್ಯಾಗ ಉಣ್ತಾರ್ರಿ."

ನೋಡಿ, ಎಂಥ ಏರ್ಪಾಡು! ಮರ್ಯಾದೆ ಇದ್ದರೆ ಹೋಟೆಲಿನಲ್ಲಿ ಜಾಗ ಇಲ್ಲ. ಮರ್ಯಾದೆ ಇಲ್ಲ ಎಂದು ಇವರೇ ತೀರ್ಮಾನಿಸಿದವಳಿಗೆ ಜಾಗ ಇದೆ, ಅದು ಮುಸುರೆ ಪಾತ್ರೆಯ ಪಕ್ಕ.

ಅಷ್ಟರಲ್ಲಿ ನಿಜವಾದ ಗಾಯಕಿ ಬಂದರು, ಹಿತ್ತಲ ಬಾಗಿಲಿನಿಂದ. ಅವರ ಜೊತೆ ಬಂದ ತಬಲಾದವರು, ಸಾರಂಗಿಯವರು ಮುಂದಿನ ಬಾಗಿಲಿನಿಂದ ಹೋಗಿ ಗಾಳಿಗೆ ಆರಾಮಾಗಿ ಕೂತಿದ್ದರು. ಆಕೆ ಒಳಗೆ ಕಾಲಿಡುತ್ತಲೇ ಸೆರಗಿನಿಂದ ಮೂಗು ಮುಚ್ಚಿ ಕೆಮ್ಮಿದರು. ನನ್ನ ವಯಸ್ಸಿನವರೇ, ಮೈತುಂಬ ದಾರಿಯ ಧೂಳು. ಮಾಲೀಕ ಗಡಿಬಿಡಿಯಲ್ಲಿ ಎಲ್ಲ ಹೇಳಿದ. ಶಿರಾದ ಪಾತ್ರೆ ಬರಿದಾಗಿತ್ತು.

ಅತ್ತೆ ತಾವು ಮುಟ್ಟದ ಶಿರಾ ತಟ್ಟೆಯನ್ನು ಎತ್ತಿ ಆಕೆಯ ಕೈಗೆ ಕೊಟ್ಟರು. "ಇದು ನಿನ್ನದ ಐತಿ ತಂಗಿ. ಆದ್ರ ಇಲ್ಲಿ ತಿನಬ್ಯಾಡ. ಈ ಹೊಗಿ ಗಂಟಲಿಗೆ ಹತ್ತಿದ್ರ ಹ್ಯಾಂಗ ಹಾಡ್ತೀ? ಮುಂದ ನಡಿ, ನಾನೂ ಬರ್ತೀನಿ."

ಮಾಲೀಕ ಬಾಗಿಲಿಗೆ ಅಡ್ಡ ನಿಂತ. "ಗಂಡಸರು ಅದಾರಂತ ಹೇಳಿದ್ನಲ್ರಿ."

"ಅದಾರ, ಗೊತ್ತೈತಿ. ಇನ್ನೊಂದು ತಾಸಿಗೆ ಅವರ ಮುಂದನ ಹಾಡ್ತಾಳ ಈಕಿ!"

ಅವನು ಕದಲಲಿಲ್ಲ. ಸಾಹುಕಾರರ ಆರ್ಡರ್ ಇರುವುದೇ ಹೀಗಂತೆ. ಸಾಹುಕಾರರ ಮನೆಯಲ್ಲೇ ಯಾಕೆ ಉಣಿಸಲಿಲ್ಲ ಎಂದು ಕೇಳಿದೆ. "ಮನ್ಯಾಗ ಹೆಣ್ಮಕ್ಕಳು ಅದಾರ್ರಿ" ಎಂಬ ಉತ್ತರ. ಮುಂದೆ ಗಂಡಸರು ಇದ್ದಾರೆ, ಮನೆಯಲ್ಲಿ ಹೆಂಗಸರು ಇದ್ದಾರೆ. ಹಾಗಾದರೆ ಆಕೆ ಉಣ್ಣಲು ಇಬ್ಬರೂ ಇಲ್ಲದ ಊರು ಹುಡುಕಬೇಕೇ?

ಗೋಡೆಯಾಚೆ ತಬಲಾದವರು ಎಲ್ಲ ಕೇಳಿಸಿಕೊಂಡರು. ಯಾರೂ ಏಳಲಿಲ್ಲ. ಗಾಯಕಿ ನಕ್ಕು ಹೇಳಿದರು, "ಇರಲಿ ಬಿಡ್ರಿ ಅವ್ವಾ, ನನಗ ರೂಢಿ ಐತಿ. ಎಲ್ಲಾ ಊರಾಗೂ ಕಟ್ಟಿಗಿ ಹಿಂದನ ನನ್ನ ಜಾಗ." ಆ ಮಾತಿಗೆ ನನಗೆ ಅಳು ಬಂತು. ಹೊಗೆಯಿಂದ ಅಂತ ಅಂದುಕೊಂಡಿರಬಹುದು ಅವರು. ಮೂವರೂ ಅಲ್ಲೇ ಕೂತೆವು. ಆಕೆ ತುತ್ತಿಗೊಮ್ಮೆ ಕೆಮ್ಮುತ್ತ ಶಿರಾ ತಿಂದರು. ಅತ್ತೆ ಸೆರಗಿನಿಂದ ಗಾಳಿ ಬೀಸಿದರು.

ದೀಪ ಹಚ್ಚುವ ಹೊತ್ತಿಗೆ ಗಿರಣಿಯ ಅಂಗಳದಲ್ಲಿ ಗಾಯನ ಶುರುವಾಯಿತು. ಗಂಡಸರು ಜಮಖಾನೆಯ ಮೇಲೆ, ನಾವು ಬಿದಿರು ಕಡ್ಡಿಯ ಚಿಕ್ಕಿನ ಪರದೆಯ ಹಿಂದೆ. ಮುಂದಿನ ಸಾಲಿನಲ್ಲಿ ಸಾಹುಕಾರರ ಪಕ್ಕ ಯಾರು ಹೇಳಿ? ಹೋಟೆಲ್ ಮಾಲೀಕ, ಜರಿ ಅಂಚಿನ ಶಲ್ಯ ಹೊದ್ದು.

ಆಕೆ ಕೆಳಗಿನ ಸ್ವರದಲ್ಲಿ ತುಸು ಹೊತ್ತು ಆಡಿ ಮೇಲಕ್ಕೆ ಹೊರಟರು. ಅಲ್ಲಿ ದನಿ ಒಡೆಯಿತು. ಕೆಮ್ಮು ಬಂತು. ಮತ್ತೆ ಹಿಡಿದರು, ಮತ್ತೆ ಒಡೆಯಿತು. ನಮ್ಮ ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮುಂದಿನ ಸಾಲಿನಿಂದ ಮಾಲೀಕನ ಮಾತು ಎಲ್ಲರಿಗೂ ಕೇಳಿಸಿತು. "ಎಂಥಾ ಹಾಡಾಕಿನ ಕರಸೀರಿ ಸಾಹುಕಾರ್ರ, ದನೀನ ಇಲ್ಲ!"

ಜಮಖಾನೆಯ ಮೇಲೆ ನಗು. ಅತ್ತೆ ಎದ್ದು ನಿಂತರು. ಪರದೆ ಅಲುಗಾಡಿತು.

"ನಿನ್ನ ಒಲಿ ಹೊಗಿ ಲೇ ಅದು! ಆಕಿ ಗಂಟಲ್ದಾಗ ಕುಂತೈತಿ!"

ನಗು ನಿಂತಿತು. ಸಾಹುಕಾರರು ನೆಲ ನೋಡಿದರು. ಯಾವ ಒಲೆ, ಏನಾಯಿತು ಎಂದು ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ. ಗಾಯಕಿ ನೀರು ಕುಡಿದು ಪರದೆಯ ಕಡೆಗೆ ಒಮ್ಮೆ ನೋಡಿದರು, ತಂಬೂರಿಯ ಶ್ರುತಿಯನ್ನು ಒಂದು ಮನೆ ಕೆಳಗೆ ಇಳಿಸಿಕೊಂಡು ಮೊದಲಿನಿಂದ ಶುರುಮಾಡಿದರು. ಆಮೇಲೆ ಚೆನ್ನಾಗಿಯೇ ಹಾಡಿದರು. ಮಾಲೀಕ ಎಲ್ಲರಿಗಿಂತ ಗಟ್ಟಿಯಾಗಿ ವಾಹ್ ವಾಹ್ ಅಂದ.

ಹೆಂಗಸಿನ ಗಂಟಲಿನಿಂದ ಹಾಡು ಬರುವುದನ್ನು ಊರೆಲ್ಲ ಕೂತು ನೋಡಬಹುದಾದರೆ, ಅದೇ ಗಂಟಲಿಗೆ ಒಂದು ತುತ್ತು ಇಳಿಯುವುದನ್ನು ಯಾಕೆ ನೋಡಬಾರದು?